ಆರೈಕೆಯ ಕೂಲಿ ಯಾರಿಗೆ?

ನಿಮ್ಮ ಮನೆಯಲ್ಲಿ ಇಲ್ಲದಿದ್ದರೂ ನಿಮ್ಮ ಬೀದಿಯಲ್ಲಿ, ನಿಮ್ಮ ಧರ್ಮಕೇಂದ್ರದಲ್ಲಿ ಹಾಸಿಗೆ ಹಿಡಿದವರೊಬ್ಬರು ಇದ್ದೇ ಇರುತ್ತಾರೆ. ಅವರನ್ನು ನೋಡಲು ನಾವು ಬಾಳೆಹಣ್ಣು, ಬ್ರೆಡ್ಡು ಹಿಡಿದು ಹೋಗುತ್ತೇವೆ. ರೋಗಿಯ ಕೈ ಹಿಡಿದು ಕ್ಷೇಮ ವಿಚಾರಿಸುತ್ತೇವೆ, ಒಂದು ಪ್ರಾರ್ಥನೆ ಹೇಳುತ್ತೇವೆ, ಕಾಫಿ ಕುಡಿದು ಹಿಂದಿರುಗುತ್ತೇವೆ. ಆ ಕಾಫಿಯನ್ನು ಮಾಡಿ ತಂದವರನ್ನು "ನೀವು ಹೇಗಿದ್ದೀರಿ?" ಎಂದು ಕೇಳಿದ ನೆನಪು ನಮ್ಮಲ್ಲಿ ಎಷ್ಟು ಮಂದಿಗಿದೆ? ನನಗಂತೂ ಇರಲಿಲ್ಲ. ಅದೂ ಪರರ ಮನೆಯ ಮಾತಲ್ಲ, ನನ್ನ ಒಡಹುಟ್ಟಿದ ಅಣ್ಣನ ಮನೆಯ ಮಾತು. ಐದು ವರ್ಷಗಳ ನಂತರ ನನಗೆ ಆ ಪ್ರಶ್ನೆ ಹೊಳೆದದ್ದು ಸ್ವಂತ ಬುದ್ಧಿಯಿಂದಲ್ಲ. ನನ್ನ ಅತ್ತಿಗೆ ನನ್ನನ್ನು ಕೇಳಿದ ಬೇರೊಂದು ಪ್ರಶ್ನೆಯಿಂದ. ಅದನ್ನು ನಿಮ್ಮ ಮುಂದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನಮ್ಮದು ಮಾಗಡಿ ಕಡೆಯ ಹಳ್ಳಿ. ಅಣ್ಣ ಹತ್ತನೆಯ ತರಗತಿ ಮುಗಿಸಿ ಪೀಣ್ಯಕ್ಕೆ ಬಂದವನು. ಎರಡನೆಯ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮುಂದೆ ಇಪ್ಪತ್ತೈದು ವರ್ಷ ನಿಂತು, ನನ್ನನ್ನು ಎಂಜಿನಿಯರಿಂಗ್ ಓದಿಸಿದವನು. ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೌಕರಿ ಹಿಡಿದೆ. ಒಂದೇ ನಗರದ ಎರಡು ತುದಿಗಳು. ಅವನ ಕಡೆ ಲೋಹದ ಸಿಬರು, ಕಟಿಂಗ್ ಆಯಿಲ್‌ನ ವಾಸನೆ. ನನ್ನ ಕಡೆ ಗಾಜಿನ ಕಟ್ಟಡ, ಹುಲ್ಲುಹಾಸು. ಅತ್ತಿಗೆ ಮನೆಯ ಹತ್ತಿರದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಕುಳಿತು ಎಂಟು ವರ್ಷವಾಗಿತ್ತು. ದಾಸರಹಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಒಂಬತ್ತನೆಯ ತರಗತಿಯ ಒಬ್ಬಳು ಮಗಳು.

2019ರ ಫೆಬ್ರವರಿಯ ಒಂದು ಬೆಳಿಗ್ಗೆ ಅಣ್ಣ ಹಲ್ಲುಜ್ಜುತ್ತಿದ್ದವನು ಬಚ್ಚಲಲ್ಲೇ ಕುಸಿದ. ಪಾರ್ಶ್ವವಾಯು. ಬಲಗೈ, ಬಲಗಾಲು ಹೋದವು, ಮಾತು ತೊದಲಾಯಿತು. ಆಗ ಅವನಿಗೆ ನಲವತ್ತೇಳು ವರ್ಷ.

ಓದುಗರೇ, ಈ ನಾಡಿನಲ್ಲಿ ಕಾರ್ಮಿಕನಿಗೆ ಯಾವ ಆಸರೆಯೂ ಇಲ್ಲವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. 1948ರ ಕಾಯ್ದೆಯಿಂದ ಹುಟ್ಟಿದ ಇ.ಎಸ್.ಐ. ಯೋಜನೆ ಅಣ್ಣನ ಮನೆಯನ್ನು ಎರಡು ವರ್ಷ ಹಿಡಿದು ನಿಲ್ಲಿಸಿತು. ಆಗ ಕಾರ್ಮಿಕನ ಸಂಬಳದಿಂದ ನೂರಕ್ಕೆ 1.75 ರೂಪಾಯಿ ಕಡಿತವಾಗುತ್ತಿತ್ತು, ಮಾಲೀಕರು 4.75 ಸೇರಿಸುತ್ತಿದ್ದರು. 2016ರ ಕೊನೆಯಲ್ಲಿ ಅಣ್ಣನ ಸಂಬಳ 15,000 ದಾಟಿದಾಗ ಯೋಜನೆಯಿಂದ ಹೊರಬೀಳುವ ಭಯವಿತ್ತು. 2017ರ ಜನವರಿಯಲ್ಲಿ ಮಿತಿಯನ್ನು 21,000ಕ್ಕೆ ಏರಿಸಿದ್ದರಿಂದ ಉಳಿದುಕೊಂಡ. ಕಾಯಿಲೆ ಬಿದ್ದವರಿಗೆ ಮೊದಲ 91 ದಿನ ಸಂಬಳದ ನೂರಕ್ಕೆ 70 ಭಾಗ ಸಿಗುತ್ತದೆ. ಪಾರ್ಶ್ವವಾಯು, ಕ್ಷಯ, ಕ್ಯಾನ್ಸರಿನಂತಹ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿದ್ದರೆ ಆ ಬಳಿಕ ನೂರಕ್ಕೆ 80 ಭಾಗ, ಹೆಚ್ಚೆಂದರೆ ಎರಡು ವರ್ಷದವರೆಗೆ. ಆ ಹಣದಿಂದ ಬಾಡಿಗೆ ಕಟ್ಟಿದರು, ಮಗಳ ಶಾಲೆಯ ಶುಲ್ಕ ಕಟ್ಟಿದರು.

ಆದರೆ ಆ ಲೆಕ್ಕದಲ್ಲಿ ಒಬ್ಬರು ಎಲ್ಲಿಯೂ ಇರಲಿಲ್ಲ. ಅಣ್ಣನ ಸಂಬಳಕ್ಕೆ ಬದಲಿ ಸಿಕ್ಕಿತು. ಅಣ್ಣನನ್ನು ನೋಡಿಕೊಳ್ಳಲು ಅತ್ತಿಗೆ ಬಿಟ್ಟ ಸಂಬಳಕ್ಕೆ ಬದಲಿ ಇರಲಿಲ್ಲ. ಹದಿನೈದು ದಿನ ರಜೆ ಹಾಕಿದಳು, ಆಮೇಲೆ ಸಂಬಳವಿಲ್ಲದ ರಜೆ ಹಾಕಿದಳು, ಮಾರ್ಚ್ ಕೊನೆಗೆ ಕೆಲಸ ಬಿಟ್ಟಳು. ಕೆಲಸದ ಜೊತೆಗೆ ಅವಳದೇ ಇ.ಎಸ್.ಐ. ಹೋಯಿತು, ಪಿ.ಎಫ್. ನಿಂತಿತು. ಭವಿಷ್ಯ ನಿಧಿಯ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಅವಳಿಗೆ ಎಂಟಾಗಿತ್ತು. ಕೂಡಿದ್ದಷ್ಟನ್ನು ತೆಗೆದು ಆಸ್ಪತ್ರೆಯ ಓಡಾಟಕ್ಕೆ, ಗಾಳಿಹಾಸಿಗೆಗೆ, ಗಾಲಿಕುರ್ಚಿಗೆ ಹಾಕಿದಳು. ಇದನ್ನೆಲ್ಲ ಯಾರೂ ಅವಳಿಗೆ ಹೇಳಿ ಮಾಡಿಸಲಿಲ್ಲ. ಮಾಡದೆ ಬೇರೆ ದಾರಿಯಿರಲಿಲ್ಲ, ಅಷ್ಟೆ.

ಮೊದಲ ತಿಂಗಳು ನಾನು ಒಬ್ಬ ಹೋಮ್ ನರ್ಸನ್ನು ಇಡುವ ಯೋಚನೆ ಮಾಡಿದ್ದೆ. ಏಜೆನ್ಸಿಯವರು ದಿನಕ್ಕೆ ಹನ್ನೆರಡು ಗಂಟೆಗೆ ತಿಂಗಳಿಗೆ 18,000 ರೂಪಾಯಿ ಕೇಳಿದರು. ರಾತ್ರಿಗೂ ಬೇಕಾದರೆ ಬೇರೆ ದರ. ಅಣ್ಣನ ಸಂಬಳಕ್ಕಿಂತ ಅದು ಹೆಚ್ಚು. "ಬೇಡ, ನಾನೇ ನೋಡಿಕೊಳ್ತೀನಿ" ಎಂದಳು ಅತ್ತಿಗೆ. ನನಗೆ ಸಮಾಧಾನವಾಯಿತು. ನಿಜ ಹೇಳುತ್ತೇನೆ, ಆ ಸಮಾಧಾನದಲ್ಲಿ ಅವಳ ಮೇಲಿನ ಗೌರವಕ್ಕಿಂತ ನನ್ನ ಜೇಬಿನ ಯೋಚನೆಯೇ ಹೆಚ್ಚಾಗಿತ್ತು. ಅಂದಿನಿಂದ ಪ್ರತಿ ತಿಂಗಳು 8,000 ರೂಪಾಯಿಯನ್ನು ಅಣ್ಣನ ಖಾತೆಗೆ ಕಳುಹಿಸುತ್ತ ಬಂದೆ. ಒಂದು ತಿಂಗಳೂ ತಪ್ಪಿಸಲಿಲ್ಲ. ಎರಡು ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತಿದ್ದೆ. ನೆಂಟರಿಷ್ಟರು "ತಮ್ಮನೆಂದರೆ ಹೀಗಿರಬೇಕು" ಎನ್ನುತ್ತಿದ್ದರು. ನಾನೂ ಅದನ್ನು ನಂಬಿದ್ದೆ.

ಇ.ಎಸ್.ಐ. ನೆರವಿನ ಎರಡು ವರ್ಷ 2021ರಲ್ಲಿ ಮುಗಿಯಿತು. ಅತ್ತಿಗೆ ಅಣ್ಣನನ್ನು ಆಟೋದಲ್ಲಿ ಮಲಗಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಮೂರು ಸಲ ಅಲೆದು ಅಂಗವೈಕಲ್ಯದ ಪ್ರಮಾಣಪತ್ರ ಪಡೆದಳು. ನೂರಕ್ಕೆ 80 ಎಂದು ಬರೆದುಕೊಟ್ಟರು. ಅದರ ಮೇಲೆ ರಾಜ್ಯ ಸರ್ಕಾರದ ಪೋಷಣಾ ವೇತನ ತಿಂಗಳಿಗೆ 1,400 ರೂಪಾಯಿ ಮಂಜೂರಾಯಿತು. ಅದೇ ಪ್ರಮಾಣಪತ್ರದ ಫೋಟೋವನ್ನು ನನ್ನ ಮೊಬೈಲಿಗೆ ಕಳುಹಿಸಲು ನಾನೂ ಕೇಳಿದೆ. ಪ್ರತಿ ಜನವರಿಯಲ್ಲಿ ಕೇಳುತ್ತಿದ್ದೆ. ಅವಳು ಏಕೆಂದು ಕೇಳದೆ ಕಳುಹಿಸುತ್ತಿದ್ದಳು.

ಈಗ 2024ರ ಫೆಬ್ರವರಿಗೆ ಬರೋಣ. ಆ ವರ್ಷ ಬೂದಿ ಬುಧವಾರ 14ರಂದು ಬಂದಿತ್ತು. 16ರ ಶುಕ್ರವಾರ ವಿಧಾನಸಭೆಯಲ್ಲಿ ರಾಜ್ಯದ ಆಯವ್ಯಯ ಮಂಡನೆಯಾಯಿತು. ತಪಸ್ಸುಕಾಲದ ಮೊದಲ ಭಾನುವಾರ ನಾನು ಬಲಿಪೂಜೆ ಮುಗಿಸಿ ದಾಸರಹಳ್ಳಿಗೆ ಹೋಗಿದ್ದೆ. ಅತ್ತಿಗೆ ಎಂದೂ ರಾಜಕೀಯ ಮಾತನಾಡಿದವಳಲ್ಲ, ಅಂದು ನಾನು ಕೂರುವುದಕ್ಕೂ ಮೊದಲೇ ಕೇಳಿದಳು: "ಕಾಯಿಲೆಯವರನ್ನ ನೋಡಿಕೊಳ್ಳೋರಿಗೆ ತಿಂಗಳಿಗೆ ಸಾವಿರ ರೂಪಾಯಿ ಕೊಡ್ತಾರಂತೆ, ಟಿ.ವಿ.ಯಲ್ಲಿ ಬಂತು. ನಮಗೂ ಬರುತ್ತಾ?"

ನಾನು ಮೊಬೈಲಿನಲ್ಲಿ ಹುಡುಕಿ ಓದಿದೆ. ಸುದ್ದಿ ನಿಜವಾಗಿತ್ತು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೀರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿಯ ಭತ್ಯೆ. ಹೆಸರಿಸಿದ್ದು ನಾಲ್ಕು ಸ್ಥಿತಿಗಳನ್ನು. ಪಾರ್ಶ್ವವಾಯು ಅವುಗಳಲ್ಲಿ ಇರಲಿಲ್ಲ. ಅದನ್ನು ಅವಳಿಗೆ ಬಿಡಿಸಿ ಹೇಳಿದೆ. ಎದುರು ಮನೆಯಲ್ಲಿ ಸೆರೆಬ್ರಲ್ ಪಾಲ್ಸಿಯ ಹುಡುಗನಿದ್ದಾನೆ. ಅವನ ತಾಯಿಗೆ ಸಿಗಬಹುದು, ನಿಮಗೆ ಸಿಗಲಾರದು ಎಂದೆ. "ಅವರಿಗೆ ಸಿಗಲಿ ಬಿಡಿ, ಪಾಪ" ಎಂದಳು. ಅಣ್ಣನ ತಲೆದಿಂಬನ್ನು ಸರಿಪಡಿಸುತ್ತ ಒಂದು ಕ್ಷಣ ನಿಂತು, ಯಾವ ಕೊಂಕೂ ಇಲ್ಲದೆ ಕೇಳಿದಳು:

"ನಿಮ್ಮಣ್ಣನ ಸರ್ಟಿಫಿಕೇಟನ್ನ ವರ್ಷವರ್ಷವೂ ತರಿಸಿಕೊಳ್ತೀರಲ್ಲ, ಅದು ಯಾತಕ್ಕೆ?"

ಓದುಗರೇ, ಆ ಪ್ರಶ್ನೆಗೆ ಉತ್ತರ ಬಹಳ ಸರಳವಾಗಿತ್ತು. ಅಂಗವೈಕಲ್ಯವುಳ್ಳ ಅವಲಂಬಿತರ ಚಿಕಿತ್ಸೆಗೆ, ಶುಶ್ರೂಷೆಗೆ ಖರ್ಚು ಮಾಡುವವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇದೆ. ಹೆಂಡತಿ ಮಕ್ಕಳು, ತಂದೆತಾಯಿಯರಷ್ಟೇ ಅಲ್ಲ, ಒಡಹುಟ್ಟಿದವರೂ ಅವಲಂಬಿತರಾಗಬಹುದು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ತಮ್ಮ ವರಮಾನದಿಂದ ವರ್ಷಕ್ಕೆ 75,000 ರೂಪಾಯಿ ಕಳೆಯಬಹುದು. ಅಂಗವೈಕಲ್ಯ ನೂರಕ್ಕೆ 80 ಅಥವಾ ಹೆಚ್ಚಿದ್ದರೆ 1,25,000. ಎಷ್ಟು ಖರ್ಚು ಮಾಡಿದೆವೆಂಬುದರ ಮೇಲೆ ಈ ಮೊತ್ತ ಹೆಚ್ಚುಕಡಿಮೆಯಾಗುವುದಿಲ್ಲ. ನನ್ನ ವರಮಾನ ನೂರಕ್ಕೆ 30ರ ತೆರಿಗೆಯ ಮೆಟ್ಟಿಲಲ್ಲಿತ್ತು. ಮೇಲ್ತೆರಿಗೆ ಸೇರಿ 31.2. ಹಾಗಾಗಿ ಆ ಒಂದು ಹಾಳೆಯಿಂದ ನನಗೆ ವರ್ಷಕ್ಕೆ ಉಳಿಯುತ್ತಿದ್ದ ತೆರಿಗೆ 39,000 ರೂಪಾಯಿ. ಮೂರು ವರ್ಷಕ್ಕೆ 1,17,000.

ನಾನು ಮಾಡಿದ್ದು ಕಾನೂನಿಗೆ ವಿರುದ್ಧವಾದುದಲ್ಲ. ಇ.ಎಸ್.ಐ. ನಿಂತ ಮೇಲೆ ಆ ಮನೆ ನಡೆದದ್ದು ಬಹುಪಾಲು ನನ್ನ ಹಣದಿಂದಲೇ. ಆದರೂ ಅತ್ತಿಗೆಯ ಮುಂದೆ ಆ ಉತ್ತರ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಕೊನೆಗೆ ಹೇಳಿದೆ, ಮೊತ್ತವನ್ನೂ ಹೇಳಿದೆ. ಅವಳು ಸಿಟ್ಟಾಗಲಿಲ್ಲ. "ಓಹೋ, ಹಂಗಾ" ಎಂದು ಗಡಿಯಾರ ನೋಡಿದಳು. ಹನ್ನೊಂದು ಗಂಟೆಯಾಗಿತ್ತು, ಅಣ್ಣನನ್ನು ಮಗ್ಗುಲು ತಿರುಗಿಸುವ ಹೊತ್ತು. ಎರಡು ಗಂಟೆಗೊಮ್ಮೆ ತಿರುಗಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಅವಳು ಮಂಚದ ಆ ಬದಿಗೆ ಹೋದಳು.

ಅಂದು ಮೆಟ್ರೋದಲ್ಲಿ ಹಿಂದಿರುಗುವಾಗ ನನ್ನ ತಲೆಯಲ್ಲಿ ಒಂದೇ ಲೆಕ್ಕ. ಮನೆಯ ಆರೈಕೆಗೆ ಸರ್ಕಾರ ಹಣ ಕೊಡುವುದಿಲ್ಲವೆಂದು ನಾನು ತಿಳಿದಿದ್ದೆ. ಕೊಡುತ್ತಿತ್ತು. ನನ್ನ ಅಣ್ಣನ ಆರೈಕೆಗಾಗಿ ವರ್ಷಕ್ಕೆ 39,000 ರೂಪಾಯಿ ತೆರಿಗೆಯನ್ನು ಬಿಟ್ಟುಕೊಟ್ಟಿತ್ತು, ನನಗೆ. ತೆರಿಗೆ ಕಟ್ಟುವಷ್ಟು ಸಂಪಾದಿಸುವವನಿಗೆ ಮಾತ್ರ ಆ ನೆರವು ಮುಟ್ಟುತ್ತದೆ. ಮಂಚದ ಪಕ್ಕದಲ್ಲಿ ಹಗಲಿರುಳು ಇರುವವಳಿಗೆ ಸಂಪಾದನೆಯೇ ಇಲ್ಲ. ಸಂಪಾದನೆ ಇಲ್ಲದಿರುವುದಕ್ಕೆ ಕಾರಣವೂ ಆ ಆರೈಕೆಯೇ.

ಈ ಸಂಗತಿ ನನ್ನನ್ನು ಓದಲು ಹಚ್ಚಿತು. ಅಂಗವೈಕಲ್ಯವುಳ್ಳವರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಅದರ ಎರಡನೆಯ ಕಲಮಿನಲ್ಲಿಯೇ ಆರೈಕೆದಾರರೆಂದರೆ ಯಾರೆಂದು ಹೇಳಿದೆ: ಸಂಬಳಕ್ಕಾಗಲಿ ಸಂಬಳವಿಲ್ಲದೆಯಾಗಲಿ ನೋಡಿಕೊಳ್ಳುವ ಯಾರೇ ಆಗಲಿ, ತಂದೆತಾಯಿ ಮತ್ತು ಮನೆಯವರು ಸಹ. ಇಪ್ಪತ್ತನಾಲ್ಕನೆಯ ಕಲಮಿನಲ್ಲಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನು ಸರ್ಕಾರಗಳು ತಮ್ಮ ಆರ್ಥಿಕ ಶಕ್ತಿಯ ಮಿತಿಯೊಳಗೆ ಯೋಜಿಸಬೇಕೆಂದಿದೆ. ಅಂದರೆ ನನ್ನ ಅತ್ತಿಗೆಗೆ ದೇಶದ ಕಾನೂನಿನಲ್ಲಿ ಒಂದು ಹೆಸರಿದೆ. ಕರ್ನಾಟಕದ 1,000 ರೂಪಾಯಿಯ ಭತ್ಯೆ ಆ ದಾರಿಯ ಒಂದು ಹೆಜ್ಜೆ, ಚಿಕ್ಕದಾದರೂ ಹೆಜ್ಜೆಯೇ.

ನೆರೆಯ ಕೇರಳ ಈ ಹೆಜ್ಜೆಯನ್ನು ಮೊದಲೇ ಇಟ್ಟಿತ್ತು. 2010ರಲ್ಲಿ ಆರಂಭವಾದ 'ಆಶ್ವಾಸಕಿರಣಂ' ಯೋಜನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ನಿಗದಿಯಾಯಿತು. ನಮ್ಮ ಕನ್ನಡಿಗರೇ ಬಹಳವಾಗಿರುವ ಕಾಸರಗೋಡಿನ ಎಣ್ಮಕಜೆ, ಬೆಳ್ಳೂರು, ಕುಂಬಡಾಜೆಯಂತಹ ಊರುಗಳ ದುಃಖ ನಿಮಗೆ ಗೊತ್ತಿದೆ. ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಅಲ್ಲಿನ ಮನೆಮನೆಯಲ್ಲಿ ಏಳಲಾರದ ಮಕ್ಕಳನ್ನು ಉಳಿಸಿತು. ಆ ಮಕ್ಕಳನ್ನು ನೋಡಿಕೊಳ್ಳುವವರಿಗೆ ಇದೇ ಯೋಜನೆಯಲ್ಲಿ 700 ರೂಪಾಯಿ. ಹಣ ತಿಂಗಳುಗಟ್ಟಲೆ ಬಾಕಿ ಉಳಿದ ದೂರುಗಳೂ ಪತ್ರಿಕೆಗಳಲ್ಲಿ ಬಂದಿವೆ. ನಲವತ್ತು ವರ್ಷದ ಮಗನನ್ನು ಮಗುವಿನಂತೆ ಎತ್ತಿ ಸ್ನಾನ ಮಾಡಿಸುವ ಎಪ್ಪತ್ತರ ತಾಯಿಗೆ 700 ರೂಪಾಯಿ ಕೂಲಿಯಾಗಲಾರದು. ಆದರೂ ಅವಳ ಹೆಸರಿನಲ್ಲಿ ಒಂದು ಖಾತೆ, ಅವಳ ಕೆಲಸಕ್ಕೆ ಸರ್ಕಾರದ ದಾಖಲೆಯಲ್ಲಿ ಒಂದು ಸಾಲು ಇದೆ ಎಂಬುದು ಸಣ್ಣ ಮಾತಲ್ಲ.

ಈ ಸಾಲನ್ನು ಬರೆಸುವುದು ಶ್ರೀಮಂತ ದೇಶಗಳಲ್ಲಿಯೂ ಸುಲಭವಾಗಿರಲಿಲ್ಲ. ಬ್ರಿಟನ್ನಿನಲ್ಲಿ ಆರೈಕೆದಾರರ ಭತ್ಯೆ 1976ರಲ್ಲಿಯೇ ಬಂತು. ಆದರೆ ಮದುವೆಯಾದ ಹೆಂಗಸರಿಗೆ ಅದು ಸಲ್ಲುತ್ತಿರಲಿಲ್ಲ. ಅವರು ಹೇಗೂ ಮನೆಯಲ್ಲಿಯೇ ಇರುತ್ತಾರಲ್ಲ ಎಂಬುದು ಅಲ್ಲಿನ ತರ್ಕ. ಜಾಕ್ವೆಲಿನ್ ಡ್ರೇಕ್ ಎಂಬ ವಿವಾಹಿತೆ 1984ರಲ್ಲಿ ತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟು, ಭತ್ಯೆ ಸಿಗದೆ ನ್ಯಾಯಾಲಯಕ್ಕೆ ಹೋದರು. 1986ರ ಜೂನ್‌ನಲ್ಲಿ ಯೂರೋಪಿನ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಜರ್ಮನಿ 1995ರಲ್ಲಿ ಆರೈಕೆಗೆಂದೇ ಕಡ್ಡಾಯ ವಿಮೆಯನ್ನು ತಂದಿತು. ರೋಗಿ ಬಯಸಿದರೆ ಹೊರಗಿನ ಸೇವೆಯ ಬದಲು ಹಣ ಪಡೆದು ಮನೆಯವರಿಗೆ ಕೊಡಬಹುದು, ನೋಡಿಕೊಳ್ಳುವವರ ಹೆಸರಿನಲ್ಲಿ ಪಿಂಚಣಿಯ ವಂತಿಗೆಯನ್ನೂ ವಿಮೆಯೇ ಕಟ್ಟುತ್ತದೆ. ಅಮೆರಿಕದ ಬಡವರ ಆರೋಗ್ಯ ಯೋಜನೆಯಾದ ಮೆಡಿಕೈಡ್‌ನಲ್ಲಿಯೂ ಹಲವು ರಾಜ್ಯಗಳಲ್ಲಿ ಮನೆಯವರನ್ನೇ ಸಂಬಳದ ಆರೈಕೆದಾರರನ್ನಾಗಿ ನೇಮಿಸಿಕೊಳ್ಳಬಹುದು. ಜರ್ಮನಿಯ ಆ ಪಿಂಚಣಿಯ ಮಾತು ಓದಿದಾಗ ಅತ್ತಿಗೆಯ ಎಂಟು ವರ್ಷ ನೆನಪಾಯಿತು. ಇನ್ನೆರಡು ವರ್ಷದ ವಂತಿಗೆಯನ್ನು ಯಾರಾದರೂ ಕಟ್ಟಿದ್ದರೆ ಅವಳ ಮುಪ್ಪಿಗೆ ಒಂದಿಷ್ಟು ಪಿಂಚಣಿ ಇರುತ್ತಿತ್ತು.

"ಹೆಂಡತಿ ಗಂಡನನ್ನು ನೋಡಿಕೊಳ್ಳುವುದಕ್ಕೂ ಸಂಬಳವೇ? ಪ್ರೀತಿಗೆ ಬೆಲೆ ಕಟ್ಟಬಹುದೇ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಾನೂ ಕೇಳುತ್ತಿದ್ದೆ. ಈಗ ನನಗನ್ನಿಸುವುದು ಇಷ್ಟು: ಪ್ರೀತಿಗೆ ಬೆಲೆಯಿಲ್ಲ, ನಿಜ, ಆದರೆ ಪ್ರೀತಿಸುವವರ ಮನೆಗೆ ಬಾಡಿಗೆಯಿದೆ, ಅಕ್ಕಿಗೆ ಬೆಲೆಯಿದೆ, ಅವರ ಸೊಂಟನೋವಿಗೂ ಔಷಧಿ ಬೇಕು. ಸೇವೆ ಎಂಬ ದೊಡ್ಡ ಪದವನ್ನು ನಾವು ಹೆಂಗಸರ ಕೆಲಸಕ್ಕೇ ಹೆಚ್ಚಾಗಿ ಏಕೆ ಬಳಸುತ್ತೇವೆಂದೂ ಯೋಚಿಸಬೇಕು. ನಮ್ಮ ಮನೆಬಾಗಿಲಿಗೆ ಬರುತ್ತಿರುವ ಆಶಾ ಕಾರ್ಯಕರ್ತೆಯರನ್ನು ಇಂದಿಗೂ ಸ್ವಯಂಸೇವಕಿಯರೆಂದೇ ಕರೆಯುತ್ತಾರೆ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆಯಲು ಅವರು 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂರಬೇಕಾಯಿತು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗುತ್ತಾರೆ, ದಿನಕ್ಕೆ ಸರಾಸರಿ 140 ನಿಮಿಷ. ಗಂಡಸರಲ್ಲಿ ನೂರಕ್ಕೆ 21.4, ಅವರಿಗೆ 74 ನಿಮಿಷ. ಎರಡು ತಿಂಗಳಿಗೊಮ್ಮೆ ಹೋಗಿ ಕಾಫಿ ಕುಡಿದು ಬರುತ್ತಿದ್ದ ನನ್ನಂತಹವರು ಆ 74 ನಿಮಿಷದಲ್ಲಿಯೂ ಸೇರಿರಲಿಕ್ಕಿಲ್ಲ.

ಸಂತ ಲೂಕನ ಶುಭಸಂದೇಶದ ಸದಯ ಸಮಾರಿತನ ಸಾಮತಿಯನ್ನು ನಾವೆಲ್ಲ ಬಾಲ್ಯದಿಂದ ಕೇಳಿದವರು. ಹಣ ಕಳುಹಿಸುತ್ತಿದ್ದ ಐದು ವರ್ಷವೂ ನಾನು ನನ್ನನ್ನು ಆ ಸಮಾರಿತನ ಜಾಗದಲ್ಲಿಯೇ ಇಟ್ಟುಕೊಂಡಿದ್ದೆನೋ ಏನೋ. ಆ ತಪಸ್ಸುಕಾಲದಲ್ಲಿ ಅದನ್ನು ಮತ್ತೆ ಓದಿದಾಗ ಎರಡು ಸಂಗತಿಗಳು ಕಣ್ಣಿಗೆ ಬಿದ್ದವು. ಒಂದು, ಸಮಾರಿತನು ಮೊದಲು ಹಣ ಕೊಡಲಿಲ್ಲ. ಮೊದಲು ತಾನೇ ಗಾಯಕ್ಕೆ ಎಣ್ಣೆ ಹಾಕಿ ಕಟ್ಟಿದ, ತನ್ನ ವಾಹನದ ಮೇಲೆ ಕೂರಿಸಿಕೊಂಡು ಹೋದ, ರಾತ್ರಿ ಜೊತೆಯಲ್ಲಿದ್ದ. ಹಣ ಕೊಟ್ಟದ್ದು ಮರುದಿನ. ಎರಡನೆಯದು, ಆ ಛತ್ರದವನು. ಅವನ ಬಗ್ಗೆ ನಾನು ಒಂದು ಪ್ರಸಂಗವನ್ನೂ ಕೇಳಿಲ್ಲ. ಸಮಾರಿತನು ಹೊರಟುಹೋದ ಮೇಲೆ ಗಾಯಾಳುವನ್ನು ದಿನವೂ ನೋಡಿಕೊಂಡವನು ಅವನೇ ಇರಬೇಕು. ಸಮಾರಿತನು ಅವನ ಕೈಗೆ ಎರಡು ಬೆಳ್ಳಿ ನಾಣ್ಯವಿಟ್ಟ. ಆ ಕಾಲದ ಎರಡು ದಿನದ ಕೂಲಿ. ಇನ್ನೂ ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುವೆನೆಂದೂ ಹೇಳಿದ. ಪರರ ಔದಾರ್ಯವನ್ನು ನಂಬಿ ಪುಕ್ಕಟೆಯಾಗಿ ನೋಡಿಕೋ ಎಂದು ಅವನು ಹೇಳಲಿಲ್ಲ. ನಾನು ಇವೆರಡರಲ್ಲಿ ಒಂದನ್ನೂ ಪೂರ್ತಿ ಮಾಡಿರಲಿಲ್ಲ. ಗಾಯ ಮುಟ್ಟಿರಲಿಲ್ಲ, ಛತ್ರದವನ ಪಾಲಿನ ನಾಣ್ಯವನ್ನು ಜೇಬಿಗೆ ಹಾಕಿಕೊಂಡಿದ್ದೆ.

ಮುಂದಿನ ಭಾನುವಾರ 1,17,000 ರೂಪಾಯಿಯ ಚೆಕ್ಕನ್ನು ಅತ್ತಿಗೆಯ ಹೆಸರಿಗೆ ಬರೆದು ಕೊಂಡೊಯ್ದೆ. ಅವಳು ಅದನ್ನು ಓದಿ ಮೇಜಿನ ಮೇಲಿಟ್ಟು ನೀರಿನ ಲೋಟವನ್ನು ಭಾರವಿಟ್ಟಳು. "ಮಗಳ ಡಿಗ್ರಿಗೆ ಆಗುತ್ತೆ. ಬೇಡ ಅನ್ನಲ್ಲ" ಎಂದಳು. ಆಮೇಲೆ ಸ್ವಲ್ಪ ಸಂಕೋಚದಿಂದ, "ಇನ್ನೊಂದು ಕೇಳಲಾ? ನಮ್ಮಮ್ಮನ್ನ ನೋಡಿ ಒಂದು ವರ್ಷವಾಯಿತು. ಒಂದು ಭಾನುವಾರ ನೀವು ಇಲ್ಲಿರೋಕೆ ಆಗುತ್ತಾ? ಬೆಳಿಗ್ಗೆಯಿಂದ ಸಂಜೆವರೆಗೆ" ಎಂದಳು.

ಐದು ವರ್ಷದಲ್ಲಿ ಅವಳು ನನ್ನಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಆ ಭಾನುವಾರದ ಕುರಿತು ಹೆಚ್ಚು ಬರೆಯಲಾರೆ. ಗಾರ್ಮೆಂಟ್ಸಿನಲ್ಲಿ ಗಂಟೆಗಂಟೆಯ ಟಾರ್ಗೆಟ್ ಬರೆದಿಡುವ ಹಾಗೆ ಅವಳು ಒಂದು ನೋಟ್‌ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಟ್ಟು ಹೋಗಿದ್ದಳು. ಆರಕ್ಕೆ ಮಾತ್ರೆ, ಏಳಕ್ಕೆ ಮಗ್ಗುಲು, ಎಂಟಕ್ಕೆ ರಾಗಿ ಗಂಜಿ. ತಲೆ ಎತ್ತಿ ಕೂರಿಸಿಯೇ ಕುಡಿಸಬೇಕು, ಇಲ್ಲದಿದ್ದರೆ ನೆತ್ತಿಗೇರುತ್ತದೆ. ಒಂಬತ್ತಕ್ಕೆ ಬಟ್ಟೆ ಬದಲು. ನನ್ನನ್ನು ಹೆಗಲ ಮೇಲೆ ಹೊತ್ತು ಮಾಗಡಿಯ ಜಾತ್ರೆ ತೋರಿಸಿದ ಅಣ್ಣನ ಮೈಯನ್ನು ನಾನು ಮೊದಲ ಸಲ ಒರೆಸಿದ್ದು ಆ ದಿನ. ಅವನು ಮುಖ ಗೋಡೆಗೆ ತಿರುಗಿಸಿಕೊಂಡ. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ನನ್ನ ಬೆನ್ನು ಬಾಗದಾಯಿತು. ಮೂರಕ್ಕೆ ಅವನು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು, ಬಹಳ ಕಷ್ಟದಿಂದ, "ಊಟ... ಮಾಡಿದೆಯಾ?" ಎಂದ. ನಾನು ಮಾಡಿರಲಿಲ್ಲ. ಎಷ್ಟು ದಿನ ಅತ್ತಿಗೆಯೂ ಹಾಗೆಯೇ ಇದ್ದಿರಬಹುದೆಂದು ಅವನಿಗೆ ಮಾತ್ರ ಗೊತ್ತಿತ್ತೇನೋ.

ಅಂದಿನಿಂದ ತಿಂಗಳಿಗೆ ಎರಡು ಭಾನುವಾರ ನನ್ನ ಪಾಲಿಗೆ ಬಂದವು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ಆರಂಭವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯಿಂದ ಆರ್.ವಿ. ರಸ್ತೆಗೆ ಬಂದು, ಹಸಿರು ಮಾರ್ಗ ಹಿಡಿದು ದಾಸರಹಳ್ಳಿಗೆ ಇಳಿಯುತ್ತೇನೆ. ಅತ್ತಿಗೆ ಒಂದು ಭಾನುವಾರ ತಾಯಿಯ ಮನೆಗೆ ಹೋಗುತ್ತಾಳೆ. ಇನ್ನೊಂದು ಭಾನುವಾರ ಬಲಿಪೂಜೆ ಮುಗಿಸಿ ಬಂದು ಸುಮ್ಮನೆ ಮಲಗುತ್ತಾಳೆ.

ಓದುಗರೇ, ನನ್ನ ಎರಡು ಭಾನುವಾರದಿಂದ ಈ ಸಮಸ್ಯೆ ಬಗೆಹರಿಯಿತೆಂದು ಹೇಳಲು ಇದನ್ನು ಬರೆಯಲಿಲ್ಲ. ಅಣ್ಣನಿಗೆ ನಾನಿದ್ದೇನೆ, ಪೀಣ್ಯದ ಎಷ್ಟೋ ಮನೆಗಳಲ್ಲಿ ಎಂಜಿನಿಯರ್ ತಮ್ಮನಿಲ್ಲ. ಭತ್ಯೆ ನಾಲ್ಕು ಕಾಯಿಲೆಗಳಿಗೆ ನಿಲ್ಲದೆ, ಕಾಯಿಲೆಯ ಹೆಸರಿಗಿಂತ ಆಸರೆಯ ಅಗತ್ಯವನ್ನು ನೋಡಿ ಸಿಗುವಂತಾಗಬೇಕು. 2016ರ ಕಾಯ್ದೆ ಹೇಳಿದ್ದೂ ಅಗತ್ಯವನ್ನೇ. ಕೆಲಸ ಬಿಟ್ಟು ನೋಡಿಕೊಳ್ಳುವವರ ಪಿಂಚಣಿ ಕಡಿಯದಂತೆ ದಾರಿ ಬೇಕು. ಆ ಬೇಡಿಕೆಯನ್ನು ನಿಮ್ಮ ಶಾಸಕರಿಗೆ ಒಂದು ಪತ್ರವಾಗಿ ಬರೆಯಬಹುದು. ವೈಟ್‌ಫೀಲ್ಡಿನ ದಾರಿಯಲ್ಲಿರುವ ಕರುಣಾಶ್ರಯದಂತಹ ಸಂಸ್ಥೆಗಳು ಕ್ಯಾನ್ಸರ್ ರೋಗಿಗಳ ಮನೆಗೇ ದಾದಿಯರನ್ನು ಉಚಿತವಾಗಿ ಕಳುಹಿಸುತ್ತವೆ. ಅಂತಹ ನೆರವು ಬೇಕಾದವರು ನಿಮ್ಮ ನೆರೆಯಲ್ಲಿದ್ದರೆ ವಿಳಾಸ ಹುಡುಕಿ ಕೊಡಬಹುದು. ನಿಮ್ಮ ಬೀದಿಯಲ್ಲಿ ಆ ನಾಲ್ಕು ಸ್ಥಿತಿಗಳವರಿದ್ದರೆ ಅಂಗವಿಕಲರ ಸಬಲೀಕರಣ ಇಲಾಖೆಗೆ ಅರ್ಜಿ ಹಾಕಲು ಜೊತೆಗೆ ಹೋಗಬಹುದು. ಎದುರು ಮನೆಯ ಹುಡುಗನ ತಾಯಿಯ ಕಾಗದಪತ್ರಗಳನ್ನು ಅತ್ತಿಗೆಯೇ ಜೋಡಿಸಿಕೊಟ್ಟಳು. ಮೂರು ಸಲ ಆಸ್ಪತ್ರೆ ಅಲೆದ ಅನುಭವ ಅವಳಿಗಿತ್ತಲ್ಲ.

ಮತ್ತು ನನ್ನಂತೆ ನೌಕರಿಯಲ್ಲಿರುವವರಿಗೆ ಒಂದು ಮಾತು. ಜನವರಿಯಲ್ಲಿ ಕಚೇರಿಗೆ ಕೊಡುವ ಆ ನಕಲು ಪ್ರತಿಯ ಹಿಂದೆ ಒಬ್ಬರ ದುಡಿಮೆಯಿದೆ. ತೆರಿಗೆಯಲ್ಲಿ ಉಳಿದದ್ದು ಅವರದೆಂದು ತಿಳಿಯಿರಿ.

2025ರ ಜನವರಿಯಲ್ಲಿ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ಕೇಳದೆ ನಾನೇ ಹೋಗಿ ಕೇಳಿದೆ. ಅತ್ತಿಗೆ ಪೆಟ್ಟಿಗೆಯಿಂದ ನಕಲು ಪ್ರತಿ ತೆಗೆದು, ಮಗ್ಗುಲಿಗಿದ್ದ ಪೆನ್ನು ಹಿಡಿದು ಅದರ ಹಿಂಬದಿಯಲ್ಲಿ ಏನನ್ನೋ ಬರೆದು ಕೊಟ್ಟಳು. ತಿರುಗಿಸಿ ನೋಡಿದೆ. ಅಂಚೆ ಕಚೇರಿಯಲ್ಲಿ ಅವಳು ಹೊಸದಾಗಿ ತೆರೆದಿದ್ದ ಉಳಿತಾಯ ಖಾತೆಯ ಸಂಖ್ಯೆ. ಹೆಸರು ಅವಳದು ಮಾತ್ರ. ನಾವಿಬ್ಬರೂ ನಕ್ಕೆವು. ಮಂಚದ ಮೇಲಿಂದ ಅಣ್ಣನೂ ಏನೋ ಹೇಳಿದ, ನನಗೆ ತಿಳಿಯಲಿಲ್ಲ. ಅತ್ತಿಗೆಗೆ ತಿಳಿಯಿತು.